ಅಕ್ಕಿಯ ಬೆಲೆ, ನಮ್ಮ ಮೇಲಿನ ಮುನಿಸು

2025ರ ಜುಲೈ 20ರಂದು ಜಪಾನಿನ ಸಂಸತ್ತಿನ ಮೇಲ್ಮನೆ ಚುನಾವಣೆ ಮುಗಿದ ಮೇಲೆ ಇಲ್ಲಿರುವ ನಮ್ಮ ಬಳಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನಮಗೇನಾದ್ರೂ ತೊಂದರೆ ಆಗತ್ತಾ?" ವಿದೇಶಿಯರಾದ ನಮಗೆ ಇಲ್ಲಿ ಮತ ಹಾಕುವ ಹಕ್ಕಿಲ್ಲ. ಆದರೂ ಪ್ರಚಾರದಲ್ಲಿ ನಮ್ಮಂಥವರದ್ದೇ ಮಾತು ಜಾಸ್ತಿ ಇತ್ತು.

ಮೇಲ್ಮನೆಯಲ್ಲಿ 248 ಸ್ಥಾನಗಳಿವೆ. ಮೂರು ವರ್ಷಕ್ಕೊಮ್ಮೆ ಸುಮಾರು ಅರ್ಧ ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. ಈ ಸಲ 50 ಗೆದ್ದಿದ್ದರೆ ಆಗ ಆಳುತ್ತಿದ್ದ ಮೈತ್ರಿಕೂಟದ ಬಹುಮತ ಉಳಿಯುತ್ತಿತ್ತು. ಅದರ ದೊಡ್ಡ ಪಕ್ಷ ಎಲ್‌ಡಿಪಿ (ಲಿಬರಲ್ ಡೆಮಾಕ್ರಟಿಕ್ ಪಕ್ಷ) 39, ಜೊತೆಗಾರ ಪಕ್ಷ ಕೊಮೇತೊ 8, ಒಟ್ಟು 47ಕ್ಕೆ ನಿಂತಿತು. ಕಮ್ಮಿ ಬಿದ್ದಿದ್ದು ಮೂರೇ ಅಲ್ವಾ ಅನ್ನಿಸಬಹುದು. ಆದರೆ ಕೆಳಮನೆಯ ಬಹುಮತ 2024ರ ಅಕ್ಟೋಬರ್‌ನಲ್ಲೇ ಕೈತಪ್ಪಿತ್ತು. 1955ರಲ್ಲಿ ಹುಟ್ಟಿದ ಎಲ್‌ಡಿಪಿ ನಡೆಸುವ ಸರ್ಕಾರಕ್ಕೆ ಎರಡೂ ಮನೆಗಳಲ್ಲಿ ಬಹುಮತ ಇಲ್ಲದಂತಾದದ್ದು ಅದೇ ಮೊದಲು. ಆಗ ಪ್ರಧಾನಿಯಾಗಿದ್ದ ಇಶಿಬಾ ಮುಂದುವರಿಯುತ್ತೇನೆ ಅಂದಿದ್ದರು.

ನನ್ನ ಪ್ರಕಾರ ಸರ್ಕಾರಕ್ಕೆ ಪೆಟ್ಟು ಕೊಟ್ಟಿದ್ದು ಅಕ್ಕಿ. ಐದು ಕಿಲೋ ಚೀಲ ಒಂದು ವರ್ಷದಲ್ಲಿ ದುಪ್ಪಟ್ಟಾಗಿ, 2025ರ ವಸಂತದಲ್ಲಿ 4,000 ಯೆನ್ ದಾಟಿತು. ಅದೇ ಹೊತ್ತಿಗೆ ಕೃಷಿ ಮಂತ್ರಿ ಎತೊ, ತಾವು ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರು ಬೇಕಾದಷ್ಟು ಕೊಡುತ್ತಾರೆ ಅಂದುಬಿಟ್ಟರು. ಮೇ ತಿಂಗಳಲ್ಲಿ ಕುರ್ಚಿ ಬಿಡಬೇಕಾಯಿತು. ಅವರ ಜಾಗಕ್ಕೆ ಬಂದ ಕೊಯಿಜುಮಿ ಸರ್ಕಾರಿ ದಾಸ್ತಾನಿನ ಅಕ್ಕಿಯನ್ನು ಅಂಗಡಿಗೆ ಬಿಟ್ಟರು. ಐದು ಕಿಲೋಗೆ 2,000 ಯೆನ್ ಆಸುಪಾಸು. ಅದಕ್ಕಾಗಿ ಜನ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತರು. ಅಂಥವರ ಮುಂದೆ, ತಲೆಗೆ 20,000 ಯೆನ್ ಹಂಚುತ್ತೇವೆ ಎಂಬ ಆಳುವ ಪಕ್ಷಗಳ ಭರವಸೆ ಹೆಚ್ಚು ಬೆಲೆ ಬಾಳಲಿಲ್ಲ. ಒಬ್ಬರನ್ನೇ ಆರಿಸುವ 32 ಕ್ಷೇತ್ರಗಳಲ್ಲಿ ಎಲ್‌ಡಿಪಿಗೆ ಸಿಕ್ಕಿದ್ದು 14. ಆ 32ರಲ್ಲಿ ಬಹುಪಾಲು ಹಳ್ಳಿಗಾಡು, ಪಕ್ಷದ ಹಳೇ ಕೋಟೆ.

"ಕೈಗೆ ಬರುವ ಸಂಬಳ ಹೆಚ್ಚಿಸುತ್ತೇವೆ" ಎಂದ ಕೊಕುಮಿನ್ ಮಿನ್ಶುತೊ ಪಕ್ಷ 17 ಗೆದ್ದಿತು. "ಜಪಾನೀಯರೇ ಮೊದಲು" ಎಂದ ಸಾನ್ಸೇತೊ ಪಕ್ಷ 14 ಗೆದ್ದಿತು. ನನ್ನನ್ನು ಕಾಡುತ್ತಿರುವುದು ಈ ಎರಡನೆಯದು. ಸಂಬಳ ಸಾಲದವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಪಕ್ಕದ ಮನೆಯ ವಿದೇಶಿಯ ಕಡೆ ತಿರುಗಿಸುವುದು ತಪ್ಪು. 2024ರ ಕೊನೆಗೆ ಇಲ್ಲಿದ್ದ ವಿದೇಶಿಯರು ಸುಮಾರು 37.7 ಲಕ್ಷ. ನೂರಕ್ಕೆ ಮೂರು ಜನ. ಇಪ್ಪತ್ತು ವರ್ಷಗಳಲ್ಲಿ ನಮ್ಮ ಸಂಖ್ಯೆ ಹೆಚ್ಚುಕಮ್ಮಿ ದುಪ್ಪಟ್ಟಾಗಿದೆ. ಆದರೆ ವಿದೇಶಿಯರು ಮಾಡಿದ ಅಪರಾಧದ ಪ್ರಕರಣಗಳು 2005ರ ಮಟ್ಟಕ್ಕಿಂತ ಎಷ್ಟೋ ಕೆಳಗಿವೆ. ಈ ಲೆಕ್ಕ ಪೊಲೀಸರದ್ದೇ. ಸಹೋದ್ಯೋಗಿಗಳು ಮಾತು ತೆಗೆದರೆ ಸುಮ್ನೆ ತಲೆ ತಗ್ಗಿಸಬೇಡಿ, ಇದನ್ನು ಹೇಳಿ. ಸಾನ್ಸೇತೊಗೆ ಮತ ಹಾಕಿದವರೆಲ್ಲ ನಮ್ಮನ್ನು ದ್ವೇಷಿಸುತ್ತಾರೆ ಅಂತ ನಾನು ನಂಬುವುದಿಲ್ಲ. ಮಾತು ಬಿಡದಿರೋಣ.

ಚುನಾವಣೆ ಮುಗಿದ ತಕ್ಷಣಕ್ಕೆ ವೀಸಾ ನಿಯಮವೇನೂ ಬದಲಾಗಲಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ಮತದಾನಕ್ಕೆ ಮೊದಲೇ ಕಂಡಿತ್ತು. ಜುಲೈ 15ರಂದು ಸರ್ಕಾರ ವಿದೇಶಿಯರ ವಿಷಯಗಳನ್ನೇ ನೋಡಿಕೊಳ್ಳಲು ಹೊಸ ಕಚೇರಿ ತೆರೆಯಿತು. ಊರಿನ ಡ್ರೈವಿಂಗ್ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸುವ ಪರೀಕ್ಷೆಯೂ 2025ರ ಅಕ್ಟೋಬರ್‌ನಿಂದ ಬಿಗಿಯಾಯಿತು. ಹತ್ತು ಪ್ರಶ್ನೆ ಇದ್ದದ್ದು ಐವತ್ತಾಯಿತು.  ಪರೀಕ್ಷೆ ಬರೆದವರು ತಮ್ಮ ಅನುಭವವನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೇ ಇಟ್ಟಿದ್ದೇವೆ.