ಚಿಕ್ಕ ಸಾಧನಕ್ಕೂ ವ್ಯಾಟ್ ಲೆಕ್ಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ಪ್ರವಾಸಕ್ಕೆಂದು ಮಡಚಿ ಒಯ್ಯುವ ಕೆಟಲ್, ಒಂಟಿ ಕೋಣೆಯ ಮನೆಗೆ ಪುಟ್ಟ ವಾಷಿಂಗ್ ಮಷಿನ್, ಮೇಜಿನ ಮೇಲೆ ಕೂರುವ ಕೂಲರ್ ಇಂಥವುಗಳ ಪರಿಚಯ ಪತ್ರಿಕೆಗಳ ಪುರವಣಿಯಲ್ಲಿ ಆಗಾಗ ಬರುತ್ತದೆ. ಬಣ್ಣ, ತೂಕ, ಮಡಚಿದರೆ ಎಷ್ಟು ಇಂಚು ಎಂಬುದೆಲ್ಲ ಇರುತ್ತದೆ. ಎಷ್ಟು ವ್ಯಾಟ್, ಯಾವ ವೋಲ್ಟೇಜ್, ಒಮ್ಮೆಗೆ ಎಷ್ಟು ಹೊತ್ತು ಓಡಿಸಬಹುದು ಎಂಬ ಮೂರು ವಿವರ ಮಾತ್ರ ಇರುವುದಿಲ್ಲ. ಮೊದಲ ಎರಡು ಸಾಧನದ ತಳದ ಚೀಟಿಯಲ್ಲೇ ಅಚ್ಚಾಗಿರುತ್ತವೆ, ಮೂರನೆಯದು ಕೈಪಿಡಿಯಲ್ಲಿರುತ್ತದೆ. ಮುಂದೆ ಇಂಥ ಪರಿಚಯ ಬರೆಯುವವರು ಈ ಮೂರನ್ನೂ ತಪ್ಪದೆ ಕೊಡಲಿ ಎಂದು ಕೇಳಲು ಈ ಪತ್ರ. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇವೆ.

ಕೆಟಲ್ ವಿಷಯವನ್ನೇ ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಕುದಿಯಬೇಕಾದರೆ ಸುಮಾರು 314 ಕಿಲೋಜೂಲ್, ಅಂದರೆ 87 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ಗಂಟೆ ಓಡಿದರೆ ಒಂದು ವ್ಯಾಟ್-ಅವರ್) ಶಾಖ ಅದರೊಳಗೆ ಹೋಗಲೇಬೇಕು. ಪಾತ್ರೆ ದೊಡ್ಡದಿರಲಿ ಚಿಕ್ಕದಿರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಮೈಯಿಂದ ಸೋರಿಹೋಗುವ ಶಾಖ ಕಳೆದು ನೂರಕ್ಕೆ 85 ಪಾಲು ನೀರಿಗೆ ಸೇರುತ್ತದೆ ಎಂದಿಟ್ಟುಕೊಂಡರೆ 1000 ವ್ಯಾಟ್‌ನ ಕೆಟಲ್‌ಗೆ ಆರು ನಿಮಿಷ ಬೇಕು, 300 ವ್ಯಾಟ್‌ನದಕ್ಕೆ ಇಪ್ಪತ್ತು. 300 ವ್ಯಾಟ್‌ನ ಪ್ರವಾಸಿ ಕೆಟಲ್ ಬಾಟಲಿಯಷ್ಟೇ ಇರುವುದು ಅದಕ್ಕೇ: 350 ಮಿಲಿ ನೀರಾದರೆ ಏಳೆಂಟು ನಿಮಿಷದಲ್ಲಿ ಮುಗಿಯುತ್ತದೆ. ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ 120 ವ್ಯಾಟ್‌ನ ಕೆಟಲ್ ಅಷ್ಟೇ ನೀರಿಗೆ ಸುಮಾರು ಹದಿನೆಂಟು ನಿಮಿಷ ತಿನ್ನುತ್ತದೆ. ಅಷ್ಟು ಹೊತ್ತೂ 10 ಆಂಪ್ ಎಳೆಯುತ್ತಿರುತ್ತದೆ. ಸಾಕೆಟ್‌ನ ಫ್ಯೂಸ್ ಕೂಡ 10 ಆಂಪ್‌ನದೇ ಆಗಿದ್ದರೆ ಅದು ಹಾರಿದರೆ ಸಾಧನವನ್ನು ಬೈದು ಪ್ರಯೋಜನವಿಲ್ಲ.

ಇನ್ನು ಪವರ್ ಬ್ಯಾಂಕ್‌ನಲ್ಲೇ ನೀರು ಕಾಯಿಸುವ ಆಸೆ. 20,000 ಎಂಎಎಚ್ (ಮಿಲಿಆಂಪ್-ಅವರ್, ಅಂದರೆ 20 ಆಂಪ್-ಅವರ್) ಎಂದರೆ ಕೇಳಲು ದೊಡ್ಡದು. ಒಳಗಿನ ಸೆಲ್‌ನ ವೋಲ್ಟೇಜ್ 3.7, ಗುಣಿಸಿದರೆ 74 ವ್ಯಾಟ್-ಅವರ್. ಒಂದು ಹನಿಯೂ ನಷ್ಟವಾಗದಿದ್ದರೂ ಒಂದು ಲೀಟರ್ ನೀರು ಕುದಿಯುವಷ್ಟು ಶಕ್ತಿ ಅದರಲ್ಲಿಲ್ಲ. 200 ಮಿಲಿಯ ಒಂದು ಕಪ್ಪನ್ನು 60 ವ್ಯಾಟ್‌ನಲ್ಲಿ ಕುದಿಸಲು ಇಪ್ಪತ್ತು ನಿಮಿಷ ದಾಟುತ್ತದೆ, ಅಂಥ ಮೂರು ಕಪ್‌ಗೆ ಬ್ಯಾಂಕ್ ಬರಿದು. ಆರುತ್ತಿರುವ ಪಾನೀಯವನ್ನು ಬೆಚ್ಚಗಿಡಲು ಅದು ಸಾಕು, ತಣ್ಣೀರು ಕುದಿಸಲು ಅಲ್ಲ. 300 ವ್ಯಾಟ್-ಅವರ್‌ನ ಪೋರ್ಟಬಲ್ ಪವರ್ ಸ್ಟೇಷನ್ (ಹೊತ್ತೊಯ್ಯುವ ದೊಡ್ಡ ಬ್ಯಾಟರಿ ಪೆಟ್ಟಿಗೆ) ಆದರೆ ಇನ್ವರ್ಟರ್ ನಷ್ಟ ಕಳೆದು ಸುಮಾರು ಎರಡೂವರೆ ಲೀಟರ್ ಕುದಿಸಬಹುದು. ಅಲ್ಲಿಯೂ ಎರಡು ಬೇರೆ ಬೇರೆ ಅಂಕಿಗಳಿರುತ್ತವೆ: ಒಟ್ಟು ಸಂಗ್ರಹ ವ್ಯಾಟ್-ಅವರ್‌ನಲ್ಲಿ, ಒಮ್ಮೆಗೆ ಕೊಡುವ ಬಲ ವ್ಯಾಟ್‌ನಲ್ಲಿ. 300 ವ್ಯಾಟ್‌ಗಿಂತ ಹೆಚ್ಚು ಕೊಡದ ಪೆಟ್ಟಿಗೆಗೆ 1000 ವ್ಯಾಟ್‌ನ ಕೆಟಲ್ ಸಿಕ್ಕಿಸಿದರೆ ಬ್ಯಾಟರಿ ತುಂಬಿದ್ದರೂ ಅದು ತಕ್ಷಣ ಟ್ರಿಪ್ ಆಗುತ್ತದೆ. ಅಂದಹಾಗೆ, ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲಷ್ಟೇ ಹೋಗಬೇಕು. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ತಕರಾರಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದರ ಮೇಲಿನದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಮೈಮೇಲಿನ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡಾರು.

ವೋಲ್ಟೇಜ್ ವಿಷಯದಲ್ಲಿ ಆಗುವ ಅನಾಹುತ ಎಲ್ಲಕ್ಕಿಂತ ದುಬಾರಿ. ಬಹಳಷ್ಟು ದೇಶಗಳಲ್ಲಿ 230 ವೋಲ್ಟ್, ಅಮೆರಿಕ ಮತ್ತು ಕೆನಡಾದಲ್ಲಿ 120, ಜಪಾನಿನಲ್ಲಿ 100. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿರುತ್ತದೆ, ಅವು ಎಲ್ಲಿಗೂ ಸೈ. ಕಾಯಿಸುವ ಸಾಧನಗಳಿಗೆ ಆ ಉದಾರತೆ ಇಲ್ಲ. ಕಾಯಿಲ್‌ನ ರೋಧ ಬದಲಾಗದ್ದರಿಂದ ವೋಲ್ಟೇಜ್ ಇಮ್ಮಡಿಯಾದರೆ ವ್ಯಾಟ್ ನಾಲ್ಮಡಿಯಾಗುತ್ತದೆ. 120 ವೋಲ್ಟ್‌ನ ಕೆಟಲ್‌ಗೆ 230 ಕೊಟ್ಟರೆ ಅದು ತನ್ನ ಶಕ್ತಿಗಿಂತ 3.7 ಪಟ್ಟು ಹೆಚ್ಚು ಎಳೆಯುತ್ತದೆ, ಕಾಯಿಲ್ ಸುಟ್ಟ ಮೇಲೇ ನಿಲ್ಲುವುದು. ತಿರುಗಾಮುರುಗಾ ಆದರೆ ಅಪಾಯವಿಲ್ಲ, ಉಪಯೋಗವೂ ಇಲ್ಲ: 230 ವೋಲ್ಟ್‌ನ 1000 ವ್ಯಾಟ್ ಕೆಟಲ್ 120 ವೋಲ್ಟ್‌ನಲ್ಲಿ 272 ವ್ಯಾಟ್, 100 ವೋಲ್ಟ್‌ನಲ್ಲಿ 189 ವ್ಯಾಟ್ ಅಷ್ಟೇ ಕೊಡುತ್ತದೆ.

ಅಡಾಪ್ಟರ್ ಮತ್ತು ಕನ್ವರ್ಟರ್ ಎರಡನ್ನೂ ಒಂದೇ ಎಂದುಕೊಳ್ಳುವವರು ಈಗಲೂ ಇದ್ದಾರೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನು ಮುಟ್ಟುವುದಿಲ್ಲ. ವೋಲ್ಟೇಜ್ ಇಳಿಸುವುದು ಕನ್ವರ್ಟರ್‌ನ ಕೆಲಸ; ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು, 1000 ವ್ಯಾಟ್ ತಡೆಯುವಂಥದ್ದು ಹಲವು ಕಿಲೊ ತೂಗುತ್ತದೆ. ಅಂಗೈಯಷ್ಟೇ ಇದ್ದು 1500 ವ್ಯಾಟ್ ಎಂದು ಬರೆದುಕೊಂಡಿರುವ ಹಗುರ ಕನ್ವರ್ಟರ್‌ಗಳು ಸಾಮಾನ್ಯವಾಗಿ ವಿದ್ಯುತ್ ಅಲೆಯನ್ನು ಕತ್ತರಿಸಿ ಕಳಿಸುವಂಥವು. ಬರೀ ಕಾಯಿಲ್ ಇರುವ ಸಾದಾ ಸಾಧನಕ್ಕೆ ಸ್ವಲ್ಪ ಹೊತ್ತು ನಡೆಯುತ್ತದೆ. ಡಿಸ್‌ಪ್ಲೇ, ಟೈಮರ್, ಮೋಟರ್ ಇದ್ದರೆ ಬೇಡ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗಳಲ್ಲಿ ಕೆಲವಕ್ಕೆ 110/220 ಎಂದು ನಾಣ್ಯದಿಂದ ತಿರುಗಿಸುವ ಸ್ವಿಚ್ ಇರುತ್ತದೆ. ಹೋಗುವಾಗ ತಿರುಗಿಸಿದ್ದನ್ನು ಬಂದ ಮೇಲೆ ಮರೆತರೆ ಮೊದಲ ಸಲ ಆನ್ ಮಾಡಿದಾಗಲೇ ಸುಟ್ಟ ವಾಸನೆ.

ಅರ್ತಿಂಗ್ ಬಗ್ಗೆ ಎರಡು ಮಾತು. ಲೋಹದ ಮೈಯ ಕೆಟಲ್‌ಗೆ ಮೂರು ಪಿನ್ ಇರುತ್ತದೆ. ಅದನ್ನು ಅರ್ತ್ ಇಲ್ಲದ ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದರೆ ಕೆಟಲ್ ಕೆಲಸವೇನೋ ಮಾಡುತ್ತದೆ, ಒಳಗೆ ಇನ್ಸುಲೇಷನ್ ಸಡಿಲವಾದ ದಿನ ಮೈಯೇ ಶಾಕ್ ಹೊಡೆಯುತ್ತದೆ. ಎರಡೇ ಪಿನ್ ಇರುವ ಸಾಧನ ಕೊಳ್ಳುವಾಗ ಚೀಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತು ಹುಡುಕಿ. ಡಬಲ್ ಇನ್ಸುಲೇಷನ್ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ಕೆಟಲ್ ತಾನಾಗಿ ಆಫ್ ಆಗುವುದು ಹೇಗೆಂದು ತಿಳಿದಿದ್ದರೆ ಅದರ ಅರ್ಧ ತಕರಾರು ಮನೆಯಲ್ಲೇ ಬಗೆಹರಿಯುತ್ತದೆ. ಅದು ನೀರಿನ ಬಿಸಿಯನ್ನು ಅಳೆಯುವುದಿಲ್ಲ. ಕುದಿಯುವಾಗ ಏಳುವ ಹಬೆ ಮುಚ್ಚಳದ ಹತ್ತಿರದ ಸಣ್ಣ ಕಿಂಡಿಯಿಂದ ಇಳಿದು ಹಿಡಿಯ ಬಳಿ ಇರುವ, ಎರಡು ಲೋಹಗಳನ್ನು ಬೆಸೆದು ಮಾಡಿದ ಬಿಲ್ಲೆಗೆ ತಾಗುತ್ತದೆ, ಬಿಲ್ಲೆ ಟಪ್ಪೆಂದು ಮಗುಚಿಕೊಂಡು ಸ್ವಿಚ್ ಬೀಳಿಸುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಹಬೆ ಹೊರಗೇ ಹೋಗಿ ನೀರು ಕುದಿಯುತ್ತಲೇ ಇರುತ್ತದೆ. ತಳದಲ್ಲಿ ಇನ್ನೊಂದು ಥರ್ಮೋಸ್ಟ್ಯಾಟ್ ಇರುವುದು ನೀರೆಲ್ಲ ಬತ್ತಿದಾಗ ಕಾಪಾಡಲು. ಅದನ್ನು ದಿನಬಳಕೆಯ ಸ್ವಿಚ್ ಮಾಡಿಕೊಂಡರೆ ಹೆಚ್ಚು ದಿನ ಬಾಳುವುದಿಲ್ಲ. ನೀರನ್ನು ಮೇಲಿನ ಗೆರೆ ದಾಟಿಸಿ ತುಂಬಿದರೆ ಉಕ್ಕಿದ ನೀರು ಅದೇ ಕಿಂಡಿಯಿಂದ ಸ್ವಿಚ್ಚಿಗೆ ಇಳಿಯುತ್ತದೆ. ಕುದಿಯುವ ಮೊದಲೇ ಆಫ್ ಆಗುತ್ತಿದ್ದರೆ ತಳಕ್ಕೆ ಸುಣ್ಣ ಕಟ್ಟಿದೆಯೇ ನೋಡಿ; ಆ ಪದರ ಶಾಖವನ್ನು ನೀರಿಗೆ ಬಿಡದೆ ತಳದಲ್ಲೇ ತಡೆಹಿಡಿಯುತ್ತದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಬಿಸಿ ಮಾಡಿ, ಅರ್ಧ ಗಂಟೆ ಬಿಟ್ಟು ಚೆಲ್ಲಿ, ಬರೀ ನೀರನ್ನು ಒಂದೆರಡು ಸಲ ಕುದಿಸಿ ಚೆಲ್ಲಿದರೆ ತಳ ಹೊಳೆಯುತ್ತದೆ. ಉಜ್ಜುವ ಕೆಲಸವಿಲ್ಲ. ಸಿಲಿಕೋನ್‌ನ ಮಡಚುವ ಕೆಟಲ್ ಆದರೆ ಮಡಿಕೆಗಳೆಲ್ಲ ಒಣಗಿದ ಮೇಲೇ ಮಡಚಿ, ಇಲ್ಲವಾದರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಪುಟ್ಟ ರೈಸ್ ಕುಕ್ಕರ್‌ನ ತಂತ್ರ ಇನ್ನೂ ಚೆನ್ನ. ತಟ್ಟೆಯ ನಡುವೆ ಸ್ಪ್ರಿಂಗ್ ಮೇಲೆ ಕೂತ ಗುಂಡಿಯಲ್ಲಿ ಒಂದು ಅಯಸ್ಕಾಂತ ಇರುತ್ತದೆ, ಅದು ಹಿಡಿದುಕೊಂಡಿರುವ ಲೋಹ 100 ಡಿಗ್ರಿಯನ್ನು ತುಸು ದಾಟಿದೊಡನೆ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ನೀರಿರುವತನಕ ತಳ 100 ದಾಟದು. ನೀರು ಇಂಗಿತೆಂದರೆ ದಾಟಿತು, ಗುಂಡಿ ಕಳಚಿತು. ಗುಂಡಿಗೂ ಪಾತ್ರೆಗೂ ನಡುವೆ ಒಂದು ಅಗುಳು ಸಿಕ್ಕಿಕೊಂಡರೂ ಅಳತೆ ತಪ್ಪಿ ತಳ ಸೀಯುತ್ತದೆ. ಪಾತ್ರೆಯ ಹೊರಮೈ ಒರೆಸಿ, ಒಳಗಿಟ್ಟು, ಎಡಕ್ಕೂ ಬಲಕ್ಕೂ ಒಮ್ಮೆ ತಿರುಗಿಸಿ ಕೂರಿಸಿದರೆ ಆಯಿತು.

ಒಂಟಿ ಇಂಡಕ್ಷನ್ ಒಲೆಯನ್ನು ಸಣ್ಣ ಇನ್ವರ್ಟರ್‌ಗೆ ಹಾಕಿ ‘300 ವ್ಯಾಟ್‌ನಲ್ಲೇ ಇಟ್ಟಿದ್ದೆ, ಆದರೂ ಟ್ರಿಪ್ ಆಯಿತು’ ಎನ್ನುವವರಿಗೆ ಕಾರಣ ಹೇಳಬೇಕು. ಹಲವು ಒಲೆಗಳು ಉರಿಯನ್ನು ನಿಜವಾಗಿ ತಗ್ಗಿಸುವುದಿಲ್ಲ. 1000 ವ್ಯಾಟ್ ಆಸುಪಾಸಿನಲ್ಲಿ ಕೆಲವು ಸೆಕೆಂಡ್ ಉರಿದು ಕೆಲವು ಸೆಕೆಂಡ್ ಸುಮ್ಮನಿದ್ದು ಸರಾಸರಿಯನ್ನು 300ಕ್ಕೆ ತರುತ್ತವೆ. ಇನ್ವರ್ಟರ್‌ಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು, ಅದು ಹೊರಬೇಕಾದ್ದು ಆ 1000. ಪಾತ್ರೆಯ ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು, ತಳದ ಅಗಲ 12 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಒಲೆ ಪಾತ್ರೆಯೇ ಇಲ್ಲ ಎಂದುಕೊಳ್ಳಬಹುದು. ಅಡಿಯಲ್ಲಿ ಫ್ಯಾನ್ ಗಾಳಿ ಎಳೆಯುವುದರಿಂದ ಬಟ್ಟೆ, ಹಾಸಿಗೆ, ಪೇಪರ್ ಮೇಲೆ ಇಡಬೇಡಿ. ಅಡುಗೆ ಮುಗಿದೊಡನೆ ಪ್ಲಗ್ ಕೀಳದೆ ಫ್ಯಾನ್ ನಿಲ್ಲುವವರೆಗೆ ಕಾಯಿರಿ.

ತಂಪು ಮಾಡುವ ಸಾಧನಗಳಲ್ಲಿ ಮಾತು ಹೆಚ್ಚು, ಕೆಲಸ ಕಡಿಮೆ. ಕಂಪ್ರೆಸರ್ ಇಲ್ಲದ, ಪೆಲ್ಟಿಯರ್ ಬಿಲ್ಲೆಯ (ಕರೆಂಟ್ ಹರಿದಾಗ ಒಂದು ಮೈ ತಣ್ಣಗಾಗಿ ಇನ್ನೊಂದು ಬಿಸಿಯಾಗುವ ಬಿಲ್ಲೆ) ಪುಟ್ಟ ಫ್ರಿಜ್ ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಕೆಳಗಿಳಿಸುತ್ತದೆ. ಹೊರಗೆ 35 ಇದ್ದರೆ ಒಳಗೆ 15ರ ಕೆಳಗೆ ಹೋಗುವುದಿಲ್ಲ. ನೀರು ತಣ್ಣಗಿರಲು ಸಾಕು; 2ರಿಂದ 8 ಡಿಗ್ರಿಯಲ್ಲಿಡಬೇಕಾದ ಇನ್ಸುಲಿನ್‌ಗೆ, ಹಾಲಿಗೆ ಖಂಡಿತ ಸಾಲದು. ಅವಕ್ಕೆ ಕಂಪ್ರೆಸರ್ ಇರುವುದೇ ಆಗಬೇಕು.

ಮೇಜಿನ ಮೇಲಿನ ಯುಎಸ್‌ಬಿ ‘ಎಸಿ’ಯಂತೂ ಎಸಿಯೇ ಅಲ್ಲ, ಒದ್ದೆ ಸ್ಪಂಜಿನ ಮೂಲಕ ಗಾಳಿ ಬೀಸುವ ಫ್ಯಾನ್. ಒಂದು ಲೀಟರ್ ನೀರು ಆವಿಯಾದರೆ ಹೀರಿಕೊಳ್ಳುವ ಶಾಖ ಸುಮಾರು 680 ವ್ಯಾಟ್-ಅವರ್. ಅರ್ಧ ಲೀಟರ್ ಟ್ಯಾಂಕ್ ಐದು ಗಂಟೆಯಲ್ಲಿ ಖಾಲಿಯಾದರೆ ತಂಪು ಮಾಡುವ ಬಲ 68 ವ್ಯಾಟ್. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಬರುತ್ತಿರುತ್ತದೆ. ಅವನೊಬ್ಬನ ಶಾಖವನ್ನೂ ಅದು ತೀರಿಸದು, ಆ ನೀರೆಲ್ಲ ಕೋಣೆಯ ಗಾಳಿಯಲ್ಲೇ ಉಳಿದು ಸೆಕೆ ಬೇರೆ. ಕಿಟಕಿ ತೆರೆದಿಟ್ಟು, ಒಣಹವೆಯಲ್ಲಿ, ಮುಖದ ಹತ್ತಿರ ಇಟ್ಟುಕೊಂಡರೆ ಮಾತ್ರ ಹಿತವೆನಿಸುತ್ತದೆ.

ಚಿಕ್ಕ ಮನೆಯಲ್ಲಿ ತೇವದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಮೂರು ಮೀಟರ್ ಉದ್ದ, ಮೂರು ಅಗಲ, 2.7 ಎತ್ತರದ ಕೋಣೆಯ ಗಾಳಿ 25 ಡಿಗ್ರಿಯಲ್ಲಿ ಹೆಚ್ಚೆಂದರೆ 560 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, ಅದರಲ್ಲಿ ಅರ್ಧ ಮೊದಲೇ ತುಂಬಿರುತ್ತದೆ. ಪುಟ್ಟ ಮಷಿನ್‌ನಲ್ಲಿ ಎರಡು ಕಿಲೊ ಬಟ್ಟೆ ಒಗೆದು ಸ್ಪಿನ್ ಮಾಡಿದ ಮೇಲೂ ಅದರಲ್ಲಿ ಒಂದು ಲೀಟರ್‌ಗಿಂತ ಹೆಚ್ಚು ನೀರು ಉಳಿದಿರುತ್ತದೆ. ಕಿಟಕಿ ಮುಚ್ಚಿ ಒಣಹಾಕಿದರೆ ಅದು ಹೋಗುವುದು ಗೋಡೆಗೆ, ಕಪಾಟಿನ ಹಿಂಭಾಗಕ್ಕೆ, ಆಮೇಲೆ ಬೂಷ್ಟು. ತೇವ ಹೀರುವ ಕೈಯಗಲದ ಪೆಲ್ಟಿಯರ್ ಡಿಹ್ಯುಮಿಡಿಫೈಯರ್ ದಿನಕ್ಕೆ ಎಳೆಯುವುದು ಕೆಲವು ನೂರು ಮಿಲಿ. ತೆರೆದ ಕಿಟಕಿ ಮತ್ತು ಒಂದು ಫ್ಯಾನ್ ಅದಕ್ಕಿಂತ ಮೇಲು. ಈ ಮಷಿನ್‌ಗಳಲ್ಲಿ ಒಗೆಯುವ ತೂಕ ಬೇರೆ, ಸ್ಪಿನ್‌ನ ತೂಕ ಬೇರೆ, ಎರಡನೆಯದು ಕಡಿಮೆ. ನೀರು ಹೊರಹಾಕುವ ಪಂಪ್ ಇಲ್ಲದಿದ್ದರೆ ಪೈಪಿನ ತುದಿ ತೊಟ್ಟಿಯ ತಳಕ್ಕಿಂತ ಕೆಳಗಿರಬೇಕು.

ಕೊನೆಗೆ, ಇದ್ದೊಂದು ಸಾಕೆಟ್‌ಗೆ ಇವನ್ನೆಲ್ಲ ನೇತುಹಾಕುವ ಎಕ್ಸ್‌ಟೆನ್ಷನ್ ಬೋರ್ಡ್. 230 ವೋಲ್ಟ್‌ನಲ್ಲಿ 6 ಆಂಪ್ ಎಂದರೆ 1380 ವ್ಯಾಟ್. ಕೆಟಲ್ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಬಂದರೆ ಮಿತಿ ಮೀರಿತು. ವೈರನ್ನು ಸುರುಳಿ ಸುತ್ತಿದಂತೆಯೇ ಬಳಸಿದರೆ ಶಾಖ ಹೊರಹೋಗದೆ ಹೊದಿಕೆ ಮೆತ್ತಗಾಗುತ್ತದೆ, ಪೂರ್ತಿ ಬಿಚ್ಚಿಡಿ. ಕಾಯಿಸುವ ಸಾಧನ ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಹೊರತೆಗೆದು ಅದರ ಪ್ಲಾಸ್ಟಿಕ್ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾಗದಷ್ಟು ಬಿಸಿಯಿದ್ದರೆ, ಪಿನ್ನಿನ ಬುಡ ಕಂದುಬಣ್ಣಕ್ಕೆ ತಿರುಗಿದ್ದರೆ, ಸಾಕೆಟ್‌ನೊಳಗಿನ ಹಿಡಿತ ಸಡಿಲವಾಗಿದೆ ಎಂದರ್ಥ. ಸಾಕೆಟ್ ಬದಲಿಸಿ, ಕಂದಿದ ಪ್ಲಗ್ ಅನ್ನೂ ಬದಲಿಸಿ. ಹಳೆಯ ಪ್ಲಗ್ ಹೊಸ ಸಾಕೆಟ್ ಅನ್ನೂ ಕೆಡಿಸುತ್ತದೆ.

ಇಂತಿ,
ವಿದ್ಯುತ್ ಸಾಧನಗಳ ರಿಪೇರಿ ಕಸುಬಿನವರು