ಗಿಟಾರಿನ ಒಡಲಿಗೆ ಕೈ ಜೋಡಿಸಿದವರಿಗೆ

ಮನೆಯಲ್ಲೇ ಕೆತ್ತಿ ರೂಪಿಸಿದ ನನ್ನ ಎಲೆಕ್ಟ್ರಿಕ್ ಗಿಟಾರಿನ ಒಡಲು ಸಿದ್ಧವಾಗಿದೆ. ನೆಕ್ (ಬೆರಳಾಡಿಸುವ ಉದ್ದನೆಯ ಕತ್ತು) ಅದರ ಗೂಡಿನಲ್ಲಿ ಬಿಗಿಯಾಗಿ ಕೂತಿದೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳು ಕೆಲಸ ಮಾಡುತ್ತಿವೆ, ಆರೂ ತಂತಿಗಳು ಶ್ರುತಿಯಲ್ಲಿ ನಿಲ್ಲುತ್ತಿವೆ; ಬಣ್ಣ ಮತ್ತು ಮೆರುಗಿನ ಕೆಲಸವಷ್ಟೇ ಬಾಕಿ. ನೋಡಿದವರೆಲ್ಲ "ನೀವೊಬ್ಬರೇ ಮಾಡಿದಿರಾ?" ಎಂದು ಕೇಳುತ್ತಿರುವುದರಿಂದ ಈ ಬರಹದ ಅಗತ್ಯ ಬಂತು. ಉಳಿ ಹಿಡಿದದ್ದು ನಾನೇ ಆದರೂ, ಇದರ ಯಾವ ಬಾಗನ್ನು ಮುಟ್ಟಿದರೂ ಅಲ್ಲಿ ಯಾರದೋ ಸಲಹೆಯೋ, ಎರವಲು ಕೊಟ್ಟ ಉಪಕರಣವೋ, ಮುಲಾಜಿಲ್ಲದ ತಕರಾರೋ ಇದೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿದ್ದರಿಂದ ಅವರವರ ಉಪಕಾರದ ಗುರುತಿನಿಂದಲೇ ನೆನೆಯುತ್ತೇನೆ.

ಮೊದಲ ಋಣ ನನಗೆ ಮರಗೆಲಸ ಕಲಿಸಿದ ಹಿರಿಯ ಬಡಗಿಯವರದು. ಅವರು ಜೀವಮಾನದಲ್ಲಿ ಗಿಟಾರ್ ಹಿಡಿದವರಲ್ಲ, ಆದರೆ ಮರವನ್ನು ಬಲ್ಲವರು. 38 ಮಿ.ಮೀ. ದಪ್ಪದ ಮಹಾಗನಿ ಹಲಗೆಯನ್ನೂ ಅದರ ಮೇಲೆ ಅಂಟಿಸಬೇಕಿದ್ದ 16 ಮಿ.ಮೀ.ಯ ಮೇಪಲ್ ಹಲಗೆಯನ್ನೂ ತಂದ ದಿನವೇ ಗರಗಸಕ್ಕೆ ಕೊಡಲು ಹೊರಟಿದ್ದ ನನ್ನನ್ನು ತಡೆದು, ಕೆಲಸದ ಕೋಣೆಯ ಗಾಳಿಗೆ ಅವು ಹೊಂದಿಕೊಳ್ಳುವವರೆಗೆ ಮಧ್ಯೆ ಪಟ್ಟಿಗಳನ್ನಿಟ್ಟು ಪೇರಿಸಿಡುವಂತೆ ಹೇಳಿದವರು ಅವರು. ಮರದ ತೇವಾಂಶ ಕೋಣೆಯ ಹವೆಯೊಂದಿಗೆ ಸಮನಾಗುವ ಮೊದಲೇ ಅಂಟಿಸಿದರೆ ಎರಡು ಜಾತಿಯ ಮರಗಳು ಎರಡು ಬಗೆಯಲ್ಲಿ ಕುಗ್ಗಿ, ಒಡಲು ಬಾಗುವುದೋ ಅಂಟಿನ ಸಾಲು ಬಿಡುವುದೋ ಖಚಿತ ಎಂಬುದು ಅವರ ವಾದವಾಗಿತ್ತು.

ಅಂಚು ಕತ್ತರಿಸುವಾಗಲೂ ಅವರ ಮಾತೇ ನಡೆಯಿತು. ಗರಗಸದಿಂದ ಗೆರೆಯ ಹೊರಗೆ 2 ಮಿ.ಮೀ.ಯಷ್ಟು ಮಾತ್ರ ಉಳಿಯುವಂತೆ ಕತ್ತರಿಸಿಕೊಂಡು, ಆ ಉಳಿಕೆಯನ್ನಷ್ಟೇ ಟೆಂಪ್ಲೇಟಿನ (ಆಕಾರದ ಅಚ್ಚುಹಲಗೆಯ) ಆಸರೆಯಲ್ಲಿ, ಮರ ಕೊರೆಯುವ ಯಂತ್ರವಾದ ರೂಟರ್‌ನಿಂದ ತೆಗೆಯಬೇಕು, ಅದೂ ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಯದೆ ಪದರಪದರವಾಗಿ ಎಂದರು. ನೆಕ್ಕಿನ ಪಕ್ಕಕ್ಕೆ ಚಾಚಿದ ಗಿಟಾರಿನ ಕೊಂಬಿನ ತುದಿಯಲ್ಲಿ ಮರದ ಎಳೆ ಇದ್ದಕ್ಕಿದ್ದಂತೆ ಅಡ್ಡ ತಿರುಗುತ್ತದೆ. ರಭಸದಿಂದ ತಿರುಗುವ ಬ್ಲೇಡು ಆ ಎಳೆಯ ತುದಿಗೆ ಸಿಕ್ಕಿತೆಂದರೆ ಬೆರಳು ಗಾತ್ರದ ಚಕ್ಕೆಯೇ ಕಿತ್ತು ಬರುತ್ತದೆ. ಅಲ್ಲಿ ರೂಟರ್ ಬದಿಗಿಟ್ಟು ಅರದಿಂದ ತಿಕ್ಕಿ ಗೆರೆ ಮುಟ್ಟಿಸುವ ತಾಳ್ಮೆಯನ್ನು ನನಗೆ ಕೊಟ್ಟವರು ಅವರೇ.

ಮೇಲ್ಮೈಯನ್ನು ಉಬ್ಬಿಸಿ ಕೆತ್ತಬೇಕೆಂಬ ಆಸೆ ಮಾತ್ರ ನನ್ನದೇ. 1952ರಲ್ಲಿ ಗಿಬ್ಸನ್ ಕಂಪನಿ ಹೊರತಂದ ಲೆಸ್ ಪಾಲ್ ಮಾದರಿಯಲ್ಲಿ ಮಹಾಗನಿಯ ಮೇಲೆ ಹೀಗೆ ಕೆತ್ತಿದ ಮೇಪಲ್ ಇತ್ತು, ಅದನ್ನು ಕಂಡಂದಿನಿಂದ ಚಪ್ಪಟೆ ಹಲಗೆಯ ಗಿಟಾರ್ ನನಗೆ ಅರ್ಧ ಮುಗಿದ ಕೆಲಸದಂತೆ ತೋರುತ್ತದೆ. (ಚಪ್ಪಟೆ ಗಿಟಾರ್ ಪ್ರಿಯರು ಕ್ಷಮಿಸಬೇಕು.) ಈ ಕೆತ್ತನೆಗೆ ಬೇಕಾದ ಬಾಗುಬಾಯಿಯ ಉಳಿಗಳನ್ನೂ ಹೆಬ್ಬೆರಳಿನಷ್ಟು ಚಿಕ್ಕ ಹಿತ್ತಾಳೆಯ ಉಜ್ಜುಗೊರಡನ್ನೂ ಪಿಟೀಲು ರಿಪೇರಿ ಮಾಡುವ ಮಹನೀಯರೊಬ್ಬರು ಕೇಳಿದ ಕೂಡಲೇ ಕೊಟ್ಟರು. ತಾವು ದಿನವೂ ಬಳಸುವ ಹರಿತವಾದ ಉಳಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಎಷ್ಟು ದೊಡ್ಡ ಔದಾರ್ಯವೆಂದು ಆ ಕೆಲಸ ಮಾಡುವವರಿಗೆ ಗೊತ್ತು. ಅವರ ಕ್ರಮ ಹೀಗಿತ್ತು: ಸುತ್ತಲಿನ ಅಂಚಿನಲ್ಲಿ ಮೇಪಲ್ 6 ಮಿ.ಮೀ. ಮಾತ್ರ ಉಳಿಯುವಂತೆ ಮೊದಲು ಇಳಿಸಿಕೊಳ್ಳಬೇಕು. ಅಲ್ಲಿಂದ ಒಳಮುಖವಾಗಿ, ನಕಾಶೆಯಲ್ಲಿ ಗುಡ್ಡದ ಎತ್ತರ ತೋರಿಸುವ ಗೆರೆಗಳಂತೆ, 2 ಮಿ.ಮೀ. ಎತ್ತರದ ಮೆಟ್ಟಿಲುಗಳನ್ನು ರೂಟರ್‌ನಿಂದ ಕಡಿಯಬೇಕು. ಆಮೇಲೆ ಪ್ರತಿ ಮೆಟ್ಟಿಲಿನ ಮೂಲೆಯನ್ನು ಉಳಿಯಿಂದ ಸವರುತ್ತಾ, ಒಳಮೂಲೆಯ ಗೆರೆ ಇನ್ನೇನು ಅಳಿಸಿಹೋಗುತ್ತದೆ ಎನ್ನುವಾಗ ನಿಲ್ಲಿಸಬೇಕು. ಆ ಗೆರೆ ಇರುವಷ್ಟು ಹೊತ್ತು ನಾವೆಷ್ಟು ಆಳದಲ್ಲಿದ್ದೇವೆಂಬುದು ತಿಳಿದಿರುತ್ತದೆ, ಅದು ಹೋದ ಮೇಲೆ ಕಣ್ಣಂದಾಜೇ ಗತಿ.

ಕಣ್ಣಂದಾಜನ್ನೂ ಅವರೇ ಕಲಿಸಿದರು. ಕೋಣೆಯ ದೀಪ ಆರಿಸಿ, ಒಂದೇ ಒಂದು ಬಲ್ಬನ್ನು ಒಡಲಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟರೆ, ಹಗಲಲ್ಲಿ ನುಣ್ಣಗೆ ಕಂಡ ಮೇಪಲ್ ಮೇಲೆ ಉಬ್ಬುತಗ್ಗುಗಳ ನೆರಳು ಎದ್ದು ಕಾಣುತ್ತದೆ. ಎದ್ದ ಕಡೆ ಪೆನ್ಸಿಲ್ಲಿನಿಂದ ಗೀಚಿ, ಗೀಚಿದ್ದು ಹೋಗುವಷ್ಟೇ ಉಕ್ಕಿನ ತಗಡಿನ ಸ್ಕ್ರೇಪರ್‌ನಿಂದ ಕೆರೆದು, ಮತ್ತೆ ಬೆಳಕಿಗೆ ಹಿಡಿಯಬೇಕು. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಿದಾಗ ಎಲ್ಲಿಯೂ ತಡೆ ಸಿಗಬಾರದು. ಈ ಹಂತದಲ್ಲಿ ಅವಸರ ಮಾಡಿ ಮರಳು ಕಾಗದಕ್ಕೆ ಕೈ ಹಾಕಿದರೆ ಗುಂಡಿಗಳು ನುಣುಪಾಗುತ್ತವೆಯೇ ಹೊರತು ಗುಂಡಿಗಳಾಗಿಯೇ ಉಳಿಯುತ್ತವೆ.

ಎಲೆಕ್ಟ್ರಾನಿಕ್ಸ್ ಬಲ್ಲ ಗೆಳತಿಯೊಬ್ಬರು ಕೆತ್ತನೆ ಶುರುವಾಗುವ ಮೊದಲೇ ದನಿ ಏರಿಳಿಸುವ ಗುಂಡಿಯ ಕೆಳಗಿರುವ ಪೊಟೆನ್ಶಿಯೊಮೀಟರ್ ಎಂಬ ಬಿಡಿಭಾಗವನ್ನು ತಂದು ಮೇಜಿನ ಮೇಲಿಟ್ಟು, "ಇದರ ತಿರುಪು ಕೊಳವೆಯ ಉದ್ದ ನೋಡಿಕೊಂಡು ಕೆತ್ತು" ಎಂದಿದ್ದರು. ಸಾಮಾನ್ಯ ಮಾದರಿಯಲ್ಲಿ ಮರದ ತೂತಿನಲ್ಲಿ ತೂರುವ ಆ ಕೊಳವೆ ಸುಮಾರು 9.5 ಮಿ.ಮೀ. ಮಾತ್ರ, ವಾಷರ್ ಮತ್ತು ನಟ್ಟಿಗೆ ಜಾಗ ಬಿಟ್ಟರೆ ದನಿಯ ತಿರುಗುಗುಂಡಿಗಳ ಕೆಳಗೆ ಮರ 7 ಮಿ.ಮೀ.ಗಿಂತ ದಪ್ಪವಿರುವಂತಿಲ್ಲ. ಮೇಲ್ಮೈ ಇಳಿಜಾರಾಗಿರುವಲ್ಲಿ ಇವೆಲ್ಲ ಕೂರುವ ಹಿಂಬದಿಯ ಗೂಡಿನ ತಳವೂ ಅದಕ್ಕೆ ಹೊಂದಬೇಕಾದ್ದರಿಂದ, ಗೂಡಿನ ಆಳವನ್ನು ಮೂರು ಮಟ್ಟಗಳಲ್ಲಿ ತೆಗೆಯುವ ನಕ್ಷೆಯನ್ನೂ ಅವರೇ ಬರೆದುಕೊಟ್ಟರು. ಮರದ ಜಾತಿಯಿಂದ ನಾದ ಬದಲಾಗುತ್ತದೆಯೇ ಎಂಬ ನಮ್ಮ ವಾದ ಇನ್ನೂ ಮುಗಿದಿಲ್ಲ. ಪಿಕಪ್ ಗ್ರಹಿಸುವುದು ಉಕ್ಕಿನ ತಂತಿಯ ಕಂಪನದಿಂದ ಕಾಂತಕ್ಷೇತ್ರದಲ್ಲಾಗುವ ಏರಿಳಿತವನ್ನು, ಆದ್ದರಿಂದ ಮರದ ಬಗ್ಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಪುರಾಣ ಎಂಬುದು ಅವರ ನಿಲುವು. ನಾನೀಗ ಬಹುಮಟ್ಟಿಗೆ ಅತ್ತಲೇ ವಾಲಿದ್ದೇನೆ.

ಹಿಂಬದಿಯಲ್ಲಿ ಪಕ್ಕೆಲುಬು ತಾಗುವೆಡೆ ಇರುವ ತಗ್ಗಿಗೆ ಗಿಟಾರ್ ನುಡಿಸುವ ಸೋದರಳಿಯ ಕಾರಣ. 1954ರ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಫೆಂಡರ್ ಕಂಪನಿ ಅಂಥ ತಗ್ಗನ್ನು ಕೊಟ್ಟದ್ದು ಗಂಟೆಗಟ್ಟಲೆ ನುಡಿಸುವವರ ಮೈಗೆ ಅಂಚು ಒತ್ತಬಾರದೆಂದು. ಅವನು ಬಂದು ಕೂತು, ಒಡಲನ್ನು ಎದೆಗವಚಿಕೊಂಡು, ಒತ್ತುವಲ್ಲಿ ಸೀಮೆಸುಣ್ಣದಿಂದ ಗುರುತು ಮಾಡುವುದು, ನಾನು ಅರ ಹಿಡಿದು ಅಷ್ಟು ತೆಗೆಯುವುದು, ಮತ್ತೆ ಅವನು ಕೂರುವುದು. "ಸಾಕು ಅತ್ತೆ" ಎನ್ನಲು ಅವನು ಬಹಳ ಹೊತ್ತು ತೆಗೆದುಕೊಂಡ, ಆ ಮೊಂಡುತನಕ್ಕೆ ಧನ್ಯವಾದ.

ರೂಟರಿನ ಕಿರುಚಾಟ ಸಹಿಸಿದ ಅಕ್ಕಪಕ್ಕದವರಿಗೂ, ಮಹಾಗನಿಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು ಮಾಸ್ಕ್ ಹಾಕದೆ ಒಳಗೆ ಬಿಡದ ನಮ್ಮ ಮನೆಯವರಿಗೂ ನಾನು ಋಣಿ. ಪರಿಚಯವೇ ಇಲ್ಲದ ಇಬ್ಬರನ್ನೂ ನೆನೆಯಲೇಬೇಕು. ಮುಂದೆ ಕ್ವೀನ್ ರಾಕ್ ತಂಡದ ಗಿಟಾರ್ ವಾದಕರಾದ ಬ್ರಯಾನ್ ಮೇ 1963ರಲ್ಲಿ, ಹದಿಹರೆಯದಲ್ಲಿ, ತನ್ನ ತಂದೆ ಹೆರಾಲ್ಡ್ ಜೊತೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರದಿಂದ ನೆಕ್ ಕೆತ್ತಿ, ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳನ್ನು ಟ್ರೆಮೊಲೊಗೆ (ತಂತಿಗಳ ಬಿಗುವು ಏರಿಳಿಸಿ ಸ್ವರ ಅಲುಗಿಸುವ ಸಾಧನಕ್ಕೆ) ಬಳಸಿ ಮಾಡಲಾರಂಭಿಸಿದ ಗಿಟಾರನ್ನೇ ಮುಂದೆ ವೇದಿಕೆಗಳಲ್ಲಿ ನುಡಿಸಿದರು ಎಂಬುದು ತಿಳಿಯದಿದ್ದರೆ ಮನೆಯಲ್ಲಿ ಇಂಥದ್ದು ಸಾಧ್ಯವೆಂಬ ಧೈರ್ಯ ನನಗೆ ಬರುತ್ತಿರಲಿಲ್ಲ.

ಎರವಲು ತಂದ ಉಳಿಗಳನ್ನು ಸಾಣೆ ಹಿಡಿಸಿ ಮರಳಿಸಿದ್ದೇನೆ. ಒಡಲಿನ ಟೆಂಪ್ಲೇಟುಗಳು ನನ್ನಲ್ಲಿವೆ, ಬೇಕಾದವರು ಸಂಕೋಚವಿಲ್ಲದೆ ಕೇಳಿ ಪಡೆಯಬಹುದು. ನೆಕ್ ಕೂರುವ ಗೂಡಿನ ಟೆಂಪ್ಲೇಟನ್ನು ಮಾತ್ರ ನಿಮ್ಮ ನೆಕ್ಕಿನ ಅಂಚಿಗೆ ಹಿಡಿದು ಹೊಸದಾಗಿಯೇ ಮಾಡಿಕೊಳ್ಳಿ; ನನ್ನದು ನನ್ನ ನೆಕ್ಕಿಗೆ ಎಷ್ಟು ಬಿಗಿಯೆಂದರೆ, ಸ್ಕ್ರೂ ಹಾಕುವ ಮೊದಲೇ ನೆಕ್ಕನ್ನು ಹಿಡಿದು ಇಡೀ ಒಡಲನ್ನು ಮೇಲೆತ್ತಬಹುದು.