ನಾಲ್ಕು ಕೇದಾರ ತೋರಿಸಿ ಐದರ ಸರ್ಟಿಫಿಕೇಟ್ ಕೊಟ್ಟಿದ್ದರ ಬಗ್ಗೆ ದೂರು

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಮೇಲ್ ಹಾಕಿದ್ದೇನೆ. ಅದಕ್ಕೆ ಉತ್ತರವಾಗಿ ನಿಮ್ಮಿಂದ ವಾಟ್ಸಾಪ್‌ನಲ್ಲಿ ಬಂದ ಕೈಮುಗಿಯುವ ಚಿತ್ರಗಳನ್ನು ಎಣಿಸಿದರೆ ಹನ್ನೊಂದು. ನಿಜ ಹೇಳಬೇಕೆಂದರೆ ಮೊನ್ನೆ ಭಾನುವಾರದವರೆಗೂ ಪತ್ರ ಬರೆಯುವ ಯೋಚನೆ ಇರಲಿಲ್ಲ. ಹೋಗಲಿ ಬಿಡು ಅಂತ ಅಕ್ಕನೇ ಹೇಳಿದ್ದಳು. ಭಾನುವಾರ ಚಿಕ್ಕಮ್ಮನ ಮಗ ಫೋನ್ ಮಾಡಿ, "ಏನಕ್ಕ, ದೊಡ್ಡಕ್ಕ ಫೇಸ್‌ಬುಕ್ಕಲ್ಲಿ ಹೀರೋಯಿನ್ ಆಗಿಬಿಟ್ಟಿದ್ದಾಳೆ" ಅಂದ. ನೋಡಿದರೆ ನಿಮ್ಮ ಟೂರ್ ಕಂಪನಿಯ ಜಾಹೀರಾತು. ತುಂಗನಾಥದ ಗುಡಿ ಮುಂದೆ ಉಣ್ಣೆ ಟೋಪಿ ಹಾಕಿಕೊಂಡು ನಗುತ್ತಿರುವ ನಮ್ಮ ಅಕ್ಕ. ಮೇಲೆ ಹಳದಿ ಅಕ್ಷರದಲ್ಲಿ "61ರ ವಯಸ್ಸಿನಲ್ಲೂ ಐದೂ ಕೇದಾರ! ನಿಮ್ಮಿಂದಲೂ ಸಾಧ್ಯ!"

ಐದೂ ಅಂತೆ. ಪಂಚಕೇದಾರ ಅಂದರೆ ಹಿಮಾಲಯದ ಐದು ಶಿವನ ಗುಡಿಗಳು: ಕೇದಾರನಾಥ, ಮದ್ಮಹೇಶ್ವರ, ತುಂಗನಾಥ, ರುದ್ರನಾಥ, ಕಲ್ಪೇಶ್ವರ. ನೀವು ನಮಗೆ ತೋರಿಸಿದ್ದು ನಾಲ್ಕು.

ನಮ್ಮ ಬುಕಿಂಗ್ ನಿಮ್ಮ ಸೆಪ್ಟೆಂಬರ್ 18ರ ಬ್ಯಾಚಿನದು, ಹರಿದ್ವಾರದಿಂದ ಹರಿದ್ವಾರಕ್ಕೆ 15 ದಿನ, ತಲೆಗೆ 42,500 ರೂಪಾಯಿ, ಇಬ್ಬರಿಗೆ 85,000. ಪೂರ್ತಿ ಹಣ ಜುಲೈನಲ್ಲೇ ಕಟ್ಟಿದ್ದೇವೆ. ನಿಮ್ಮ 3ನೇ ಷರತ್ತಿನ ಪ್ರಕಾರ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟನ್ನೂ ಆಗಲೇ ಕಳಿಸಿದ್ದೇವೆ. ನೀವು ಅದಕ್ಕೆ "ವೆರಿಫೈಡ್" ಅಂತ ಹಸಿರು ಗುರುತು ಹಾಕಿದ್ದೀರಿ. ಅಕ್ಕ 34 ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಸುಮ್ನೆ ಹೊರಟುಬಿಡುವ ಜನ ಅಲ್ಲ ನಾವು. ಐದು ತಿಂಗಳು ಸಿದ್ಧಗಂಗೆ ಬೆಟ್ಟದ ಮೆಟ್ಟಿಲು, ಭಾನುವಾರ ಆದರೆ ದೇವರಾಯನದುರ್ಗ, ಬೆನ್ನಿಗೆ ಚೀಲದಲ್ಲಿ ಐದು ಕೆಜಿ ಅಕ್ಕಿ ಹೊತ್ತುಕೊಂಡು.

ಸಣ್ಣಪುಟ್ಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಬ್ರೋಷರ್‌ನಲ್ಲಿ ಮೂರನೇ ದಿನ "ರಾಂಬಾಡಾದಲ್ಲಿ ಮಧ್ಯಾಹ್ನದ ಊಟ" ಅಂತಿದೆ. ಆ ಊರನ್ನು 2013ರ ಪ್ರವಾಹ ಕೊಚ್ಚಿಕೊಂಡು ಹೋಗಿದೆ, ಕೇದಾರನಾಥದ ದಾರಿಯೇ ಮಂದಾಕಿನಿಯ ಆಚೆ ದಡಕ್ಕೆ ಸರಿದಿದೆ. ಊಟ ಯಾರು ಬಡಿಸುತ್ತಾರೆ ಅಂತ ನಾನು ಆಗಲೇ ಕೇಳಬೇಕಿತ್ತು. ಇನ್ನು "ಕನ್ನಡ ಬಲ್ಲ ಗೈಡ್". ಅವನಿಗೆ ಬರುತ್ತಿದ್ದ ಕನ್ನಡ "ಬೇಗ ಬೇಗ" ಮತ್ತು "ಊಟ ಆಯ್ತಾ". ಮದ್ಮಹೇಶ್ವರದಲ್ಲಿ ಪೂಜೆ ಮಾಡುವವರು ನಮ್ಮ ಕಡೆಯ ಜಂಗಮರು, ಕೇದಾರದ ಮುಖ್ಯ ಅರ್ಚಕರಾದ ರಾವಲರು ಕೂಡ ಕರ್ನಾಟಕದ ವೀರಶೈವ ಮನೆತನದವರೇ ಅಂತ ನಿಮಗೆ ಗೊತ್ತಿರುತ್ತದೆ, ಬ್ರೋಷರ್‌ನಲ್ಲಿ ಅದನ್ನೇ ದೊಡ್ಡದಾಗಿ ಹಾಕಿ ನಮ್ಮಂಥವರನ್ನು ಸೆಳೆಯುತ್ತೀರಲ್ವಾ. ಆ ಅರ್ಚಕರು ತೀರ್ಥ ಕೊಡುತ್ತಾ "ಯಾವೂರು ತಾಯಿ?" ಅಂದಾಗ ಅಕ್ಕನ ಕಣ್ಣಲ್ಲಿ ನೀರು ಬಂತು. ಒಂದು ವಾರದಲ್ಲಿ ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.

ಇದೆಲ್ಲ ಸಹಿಸಿಕೊಂಡೆವು. ದಾರಿ ಅಷ್ಟು ಚೆನ್ನಾಗಿತ್ತು. ಗೌರಿಕುಂಡದಿಂದ ಕೇದಾರಕ್ಕೆ ಅಕ್ಕ ಕುದುರೆ ಹತ್ತದೆ ನಡೆದಳು, ಇಳಿದಳು. ರಾಂಸಿಯಿಂದ ಗೌಂಡಾರ್, ಬಣತೋಲಿ, ಅಲ್ಲಿಂದ ಒಂದೇ ಸಮನೆ ಏರು, ಹದಿನಾರು ಹದಿನೇಳು ಕಿಲೋಮೀಟರ್ ಮದ್ಮಹೇಶ್ವರ, ಅದನ್ನೂ ನಡೆದಳು. ಬಣತೋಲಿಯಲ್ಲಿ ನದಿಯ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಅವಳು ನಾಡಿ ನೋಡಿಕೊಳ್ಳುತ್ತಾ ಬೆರಳಲ್ಲಿ ನನಗೆ ಸನ್ನೆ ಮಾಡುತ್ತಿದ್ದಳು. ಒಂಬತ್ತನೇ ದಿನ ಬೆಳಿಗ್ಗೆ ಚೋಪ್ತಾದಿಂದ 3,680 ಮೀಟರ್ ಎತ್ತರದ ತುಂಗನಾಥ, ಅಲ್ಲಿಂದ ಇನ್ನೂ ಮೇಲೆ ಚಂದ್ರಶಿಲೆ. ಚಂದ್ರಶಿಲೆಗೆ ನಿಮ್ಮ ಗೈಡ್ ಬರಲಿಲ್ಲ. ತುಂಗನಾಥದ ಟೀ ಅಂಗಡಿಯಲ್ಲಿ "ಮಂಡಿ ನೋವು" ಅಂತ ಕೂತಿದ್ದ.

ಈಗ ಅದೇ ದಿನ ಸಂಜೆಗೆ ಬರುತ್ತೇನೆ. ಸಗರ್ ಹಳ್ಳಿ, ರುದ್ರನಾಥಕ್ಕೆ ಹತ್ತುವ ಜಾಗ. ಸಮಯ 6.40. ಲಾಡ್ಜಿನ ಅಂಗಳದಲ್ಲಿ ನಾವು ಹನ್ನೆರಡು ಜನ ರಾಜ್ಮಾ ಅನ್ನದ ತಟ್ಟೆ ಹಿಡಿದು ಕೂತಿದ್ದೆವು. ಗೈಡ್ ಫೋನ್ ಹಿಡಿದು ಬಂದ. ಸ್ಕ್ರೀನಿನಲ್ಲಿ ಬೆಂಗಳೂರಿನಿಂದ ನಿಮ್ಮ ಆಪರೇಷನ್ಸ್ ಮ್ಯಾನೇಜರ್ ಸಾಹೇಬರು, ಹಿಂದೆ ಫ್ಯಾನ್ ತಿರುಗುತ್ತಿತ್ತು.

"ಮೇಡಂ, ಆ ಅಜ್ಜಿನ ಸ್ವಲ್ಪ ಕ್ಯಾಮೆರಾ ಮುಂದೆ ಬರೋಕೆ ಹೇಳಿ."

ಯಾವ ಅಜ್ಜಿ ಅಂತ ನಾನು ಸುತ್ತ ನೋಡಿದೆ. ಅಕ್ಕನಿಗೆ ನನಗಿಂತ ಮೊದಲು ಅರ್ಥ ಆಯಿತು. ತಟ್ಟೆ ಕೆಳಗಿಟ್ಟು, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬಂದು ನಿಂತಳು. ಇಂಟರ್‌ವ್ಯೂಗೆ ಬಂದವಳ ಹಾಗೆ.

"ನಾಳೆ 20 ಕಿಲೋಮೀಟರ್ ಇದೆ ಅಮ್ಮಾ, ತುಂಬಾ ಕಡಿದು. ನಮಗೆ ಗ್ರೂಪ್ ಸೇಫ್ಟಿ ಮುಖ್ಯ. ಒಂದು ಸಣ್ಣ ಫಿಟ್‌ನೆಸ್ ಟೆಸ್ಟ್ ಮಾಡೋಣ. ಆ ಮೆಟ್ಟಿಲು ಮೂರು ಸಲ ಹತ್ತಿ ಇಳೀರಿ, ಟೈಮ್ ಹಾಕ್ತೀವಿ."

ಲಾಡ್ಜಿನ ಪಕ್ಕ ಕಲ್ಲಿನ ಮೆಟ್ಟಿಲು, ಇಪ್ಪತ್ತೆರಡು. ನಾನು ಬೇಡ ಅಂದೆ. ಷರತ್ತಿನಲ್ಲಿ ಎಲ್ಲಿದೆ ಅಂತ ಕೇಳಿದೆ. "ಮೇಡಂ ನೀವು ಎಮೋಷನಲ್ ಆಗ್ಬೇಡಿ" ಅಂದರು. ಅಕ್ಕ ಆಗಲೇ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳುತ್ತಿದ್ದಳು. ಅವಳು ಹತ್ತಿದಳು. ಗೈಡ್ ಫೋನ್ ಹಿಡಿದು ಹಿಂದೆ ಹಿಂದೆ ಹತ್ತಿದ. ಲಾಡ್ಜಿನವರ ಸಣ್ಣ ಹುಡುಗನೊಬ್ಬ ಆಟ ಅಂದುಕೊಂಡು ಏಕ್, ದೋ, ತೀನ್ ಅಂತ ಎಣಿಸತೊಡಗಿದ. ನಮ್ಮ ಜೊತೆಯವರು ಕೆಲವರು ತಟ್ಟೆ ನೋಡುತ್ತಾ ಕೂತರು, ಕೆಲವರು ಅವಳನ್ನೇ ನೋಡುತ್ತಾ ಕೂತರು. ಯಾವುದು ಹೆಚ್ಚು ಕೆಟ್ಟದ್ದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮೂರನೇ ಸಲ ಇಳಿದಾಗ ಅವಳ ನಾಡಿ 104. ಅವಳೇ ನೋಡಿಕೊಂಡು ಹೇಳಿದಳು. ಮ್ಯಾನೇಜರ್ ಸಾಹೇಬರು ಏನಂದರು ಗೊತ್ತಾ?

"ಉಸಿರು ತುಂಬಾ ಜೋರಾಗಿ ಕೇಳಿಸ್ತಿದೆ ಅಮ್ಮಾ. ರಿಸ್ಕ್ ತಗೊಳ್ಳೋಕೆ ಆಗಲ್ಲ."

ಸ್ವಾಮಿ, ಅದು ಫೋನ್ ಹಿಡಿದವನ ಉಸಿರು! ಮಂಡಿ ನೋವಿನ ಗೈಡ್ ಅರವತ್ತಾರು ಮೆಟ್ಟಿಲಿಗೆ ತಿದಿ ಒತ್ತಿದ ಹಾಗೆ ಏದುಸಿರು ಬಿಡುತ್ತಿದ್ದ. ನಾನು ಅದನ್ನು ಹೇಳಿದೆ, ಜೋರಾಗಿಯೇ ಹೇಳಿದೆ. ಸಿಗ್ನಲ್ ಹೋಯಿತು. ಸಗರ್‌ನಲ್ಲಿ ಆಮೇಲೆ ರಾತ್ರಿಯಿಡೀ ಸಿಗ್ನಲ್ ಚೆನ್ನಾಗಿತ್ತು, ನಿಮ್ಮ ನಂಬರಿಗೆ ಮಾತ್ರ ಹೋಗಲಿಲ್ಲ.

ಹತ್ತು ನಿಮಿಷ ಬಿಟ್ಟು ಗೈಡ್ ಘೋಷಿಸಿದ: ಗುಂಪು ಒಡೆಯುವ ಹಾಗಿಲ್ಲ, ಒಬ್ಬರು ಅನ್‌ಫಿಟ್ ಆದರೆ ಯಾರೂ ಹೋಗುವ ಹಾಗಿಲ್ಲ, ರುದ್ರನಾಥ ಕ್ಯಾನ್ಸಲ್. ನಾನು ಅಕ್ಕನ ಜೊತೆ ಕೆಳಗೇ ಉಳಿಯುತ್ತೇನೆ, ಉಳಿದ ಹತ್ತು ಜನರನ್ನು ಕರೆದುಕೊಂಡು ಹೋಗಿ ಅಂದೆ. ಆಗಲ್ಲ ಅಂದ. ಆಗ ಹುಬ್ಬಳ್ಳಿ ಕಡೆಯ ಒಬ್ಬ ಯಜಮಾನರು, ಅಲ್ಲಿಯವರೆಗೆ ನಮ್ಮ ಜೊತೆ ಚಕ್ಕುಲಿ ಹಂಚಿಕೊಂಡು ತಿಂದವರು, ಅಕ್ಕನಿಗೆ ಕೇಳುವ ಹಾಗೆಯೇ ಅಂದರು, "ಇವರಿಂದ ನಮಗೂ ತಪ್ಪಿತಲ್ಲರೀ." ಆ ರಾತ್ರಿ ಅಕ್ಕ ಊಟ ಮುಗಿಸಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು.

ಐದರಲ್ಲಿ ರುದ್ರನಾಥವೇ ಕಷ್ಟ ಅಂತ ನಮಗೂ ಗೊತ್ತು. ದಾರಿಯಲ್ಲಿ ಬರುವ ಪುಂಗ್, ಲ್ಯೂಟಿ, ಪನಾರ್ ಹುಲ್ಲುಗಾವಲು, ಪಿತೃಧಾರ್, ಎಲ್ಲ ನಕ್ಷೆ ಇಟ್ಟುಕೊಂಡು ಬಾಯಿಪಾಠ ಮಾಡಿದ್ದೆವು. ನಿಜವಾಗಿ ಮಳೆಯೋ ಭೂಕುಸಿತವೋ ಆಗಿದ್ದರೆ ನೀವು 9ನೇ ಷರತ್ತು ತೋರಿಸಿದ್ದರೆ ಸಾಕಿತ್ತು, ಬಾಯಿ ಮುಚ್ಚಿಕೊಂಡು ವಾಪಸ್ ಬರುತ್ತಿದ್ದೆವು. ಮಾರನೇ ದಿನ ಆಕಾಶ ತೊಳೆದಿಟ್ಟ ಹಾಗಿತ್ತು.

ರುದ್ರನಾಥದ ಬದಲು ನೀವು ಏನು ತೋರಿಸಿದಿರಿ? ಗೋಪೇಶ್ವರದ ಗೋಪಿನಾಥ ದೇವಸ್ಥಾನ. "ರುದ್ರನಾಥನ ಗದ್ದುಗೆ ಇಲ್ಲೇ, ಅದೇ ಪುಣ್ಯ" ಅಂತ ಗೈಡ್. ಗುಡಿ ಚೆನ್ನಾಗಿದೆ, ಅಂಗಳದಲ್ಲಿರುವ ಆ ದೊಡ್ಡ ತ್ರಿಶೂಲಕ್ಕೂ ಕೈಮುಗಿದೆವು. ಆದರೆ ರುದ್ರನಾಥನ ಉತ್ಸವಮೂರ್ತಿ ಅಲ್ಲಿಗೆ ಬರುವುದು ಚಳಿಗಾಲಕ್ಕೆ, ಮೇಲೆ ಬಾಗಿಲು ಹಾಕಿದ ಮೇಲೆ. ನಾವು ಹೋದದ್ದು ಸೆಪ್ಟೆಂಬರ್ 27ಕ್ಕೆ, ದೇವರು ಇನ್ನೂ ಬೆಟ್ಟದ ಮೇಲೆಯೇ ಇದ್ದ. ಯಜಮಾನ ಊರಲ್ಲಿಲ್ಲದಾಗ ನೆಂಟರನ್ನು ಕರೆದುಕೊಂಡು ಹೋಗಿ ಖಾಲಿ ಕುರ್ಚಿ ತೋರಿಸಿದಿರಿ.

ಪಾಂಡವರಿಗೆ ಸಿಗದೆ ಗೂಳಿಯಾಗಿ ಭೂಮಿಯೊಳಗೆ ಇಳಿದ ಶಿವ ಐದು ಕಡೆ ಐದು ಅಂಗವಾಗಿ ಎದ್ದ ಅನ್ನುವ ಕಥೆಯನ್ನು ನೀವೇ ಬ್ರೋಷರ್‌ನ ಮೊದಲ ಪುಟದಲ್ಲಿ ಹಾಕಿದ್ದೀರಿ. ಕೇದಾರದಲ್ಲಿ ಬೆನ್ನು, ತುಂಗನಾಥದಲ್ಲಿ ತೋಳು, ಮದ್ಮಹೇಶ್ವರದಲ್ಲಿ ಹೊಕ್ಕುಳು, ಕಲ್ಪೇಶ್ವರದಲ್ಲಿ ಜಡೆ. ರುದ್ರನಾಥದಲ್ಲಿ ಏನು ಅಂತ ನಿಮ್ಮ ಬ್ರೋಷರನ್ನೇ ತೆಗೆದು ಓದಿ. ಮುಖ. ಬೆನ್ನು ನೋಡಿದೆವು, ಹೊಕ್ಕುಳು ನೋಡಿದೆವು, ಕೂದಲು ನೋಡಿದೆವು, ಮುಖ ನೋಡದೆ ಬಂದೆವು.

ನಿಜವಾದ ಕಾರಣ ನಮಗೆ ಗೊತ್ತಾಗಿದ್ದು ಹೇಲಂಗ್‌ನಲ್ಲಿ, ಕಲ್ಪೇಶ್ವರದಿಂದ ಇಳಿದು ಟೀ ಕುಡಿಯುವಾಗ. ನಿಮ್ಮ ಟೆಂಪೋ ಟ್ರಾವೆಲರ್‌ನ ಡ್ರೈವರ್, ಪಾಪ ಒಳ್ಳೆಯ ಹುಡುಗ, ಅಕ್ಕನ ಮುಖ ನೋಡಲಾಗದೆ ಹೇಳಿಬಿಟ್ಟ. ಸೆಪ್ಟೆಂಬರ್ 30ಕ್ಕೆ ಅದೇ ಗಾಡಿ ಹರಿದ್ವಾರದಲ್ಲಿ ನಿಮ್ಮ ಇನ್ನೊಂದು ಬ್ಯಾಚಿಗೆ ಬುಕ್ ಆಗಿತ್ತು. ನಮ್ಮ ಪ್ಯಾಕೇಜ್ ಮುಗಿಯಬೇಕಾದದ್ದು ಅಕ್ಟೋಬರ್ 2ಕ್ಕೆ. ರುದ್ರನಾಥಕ್ಕೆ ಮೂರು ದಿನ ಬೇಕು, ಅದನ್ನು ಕತ್ತರಿಸಿದರೆ ಸರಿಯಾಗಿ 29ಕ್ಕೆ ಹರಿದ್ವಾರ. ಇಷ್ಟು ಸುಲಭದ ಲೆಕ್ಕ. ಗಾಡಿ ಇಲ್ಲ ಅಂತ ನೇರವಾಗಿ ಹೇಳಿದ್ದರೆ ಜಗಳ ನಿಮ್ಮ ಮೇಲೆ ಬರುತ್ತಿತ್ತು. ಅದಕ್ಕೆ ಹನ್ನೆರಡು ಜನರಲ್ಲಿ ವಯಸ್ಸಾದ ಹೆಂಗಸನ್ನು ಹುಡುಕಿ ಮೆಟ್ಟಿಲು ಹತ್ತಿಸಿದಿರಿ.

ಹುಬ್ಬಳ್ಳಿಯ ಯಜಮಾನರು ಆಮೇಲೆ ಬಸ್ಸಿನಲ್ಲಿ ಅಕ್ಕನ ಹತ್ತಿರ ಬಂದು ಕ್ಷಮೆ ಕೇಳಿದರು. ನಿಮ್ಮಿಂದ ಬಂದದ್ದು ಕಾಶಿ ಅಯೋಧ್ಯೆ ಟೂರಿಗೆ 1,500 ರೂಪಾಯಿ ಕೂಪನ್, ಜೊತೆಗೆ "ಪಂಚಕೇದಾರ ಯಾತ್ರೆಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ" ಅನ್ನುವ ಸರ್ಟಿಫಿಕೇಟ್. ಅದರಲ್ಲಿ ಅಕ್ಕನ ಹೆಸರು ತಪ್ಪು. ತಪ್ಪಾಗಿದ್ದೇ ಒಳ್ಳೆಯದಾಯಿತು ಅಂದಳು, ಸುಳ್ಳು ಬೇರೆ ಯಾರದೋ ಹೆಸರಿಗೆ ಹೋಯಿತು ಅಂತ. ಫೋಟೋ ಮಾತ್ರ ಅವಳದೇ. ಅದೇ ಹೆಂಗಸು ನಿಮಗೆ ಸೆಪ್ಟೆಂಬರಿನಲ್ಲಿ ಅನ್‌ಫಿಟ್, ನವೆಂಬರಿನಲ್ಲಿ ಮಾಡೆಲ್. ಮ್ಯಾನೇಜರ್ ಸಾಹೇಬರಿಗೆ ಫ್ಯಾನ್ ಗಾಳಿಯಲ್ಲಿ ಇದೆಲ್ಲ ಹೇಗೆ ಹೊಳೆಯುತ್ತದೋ.

ಆ ಜಾಹೀರಾತು ಇವತ್ತೇ ತೆಗೆಯಿರಿ. ಮೂರು ದಿನದ ಲೆಕ್ಕದಲ್ಲಿ ಇಬ್ಬರಿಗೆ 17,000 ರೂಪಾಯಿ ಆಗುತ್ತದೆ, ವಾಪಸ್ ಕೊಡಿ. ಆ ಹನ್ನೆರಡೂ ಜನರಿಗೆ, ರುದ್ರನಾಥ ತಪ್ಪಿದ್ದು ಅಕ್ಕನಿಂದ ಅಲ್ಲ ಅಂತ ಲಿಖಿತವಾಗಿ ಕಳಿಸಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ನಾವು ಇರುವ ಊರಿನಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಡ್ರೈವರ್ ಹೆಸರು ನಾನು ಎಲ್ಲೂ ಹೇಳುವುದಿಲ್ಲ. ಅವನ ಕೆಲಸ ಹೋಯಿತು ಅಂತ ಕೇಳಿಬಂದರೆ ಮಾತ್ರ ಹದಿನೈದು ದಿನ ಕಾಯುವುದಿಲ್ಲ. ಮೆಟ್ಟಿಲಿನ ವೀಡಿಯೊ ನಮ್ಮ ಗುಂಪಿನ ಇನ್ನೊಬ್ಬರ ಹತ್ತಿರ ಇದೆ, ಏದುಸಿರಿನ ಸದ್ದು ಸಮೇತ. ಸಿದ್ಧಗಂಗೆ ಬೆಟ್ಟ ಹತ್ತುವ ನಮ್ಮ ಬೆಳಗಿನ ಗುಂಪಿನಲ್ಲಿ 140 ಜನ ಇದ್ದಾರೆ, ಅರ್ಧಕ್ಕರ್ಧ ರಿಟೈರಾದವರು, ವರ್ಷಕ್ಕೊಂದು ಯಾತ್ರೆ ಮಾಡುವವರು. ಅವರಿಗೆ ಇನ್ನೂ ತೋರಿಸಿಲ್ಲ.

ಮುಂದಿನ ವರ್ಷ ಬಾಗಿಲು ತೆಗೆದ ಮೇಲೆ ನಾವಿಬ್ಬರೇ ಸಗರ್‌ನಿಂದ ಹತ್ತುತ್ತೇವೆ. ಅಕ್ಕ ಈಗ ದಿನಾ ಬೆಳಿಗ್ಗೆ ಮೊಬೈಲಲ್ಲಿ ಟೈಮರ್ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಳೆ. ನಿಮ್ಮ ಆಫೀಸು ಎಷ್ಟನೇ ಮಹಡಿ ಅಂತ ನಿನ್ನೆ ಕೇಳಿದಳು. ನಾಲ್ಕನೆಯದು, ಲಿಫ್ಟ್ ಇದೆ ಅಂದೆ. ಲಿಫ್ಟ್ ಬೇಡ, ಮ್ಯಾನೇಜರ್ ಇರುವ ದಿನ ಯಾವುದು ಅಂತ ಮಾತ್ರ ವಿಚಾರಿಸು ಅಂದಿದ್ದಾಳೆ. ತಿಳಿಸಿ.

ಇಂತಿ,
ಸೆಪ್ಟೆಂಬರ್ 18ರ ಬ್ಯಾಚಿನ 6 ಮತ್ತು 7ನೇ ಸೀಟಿನವರು
ತುಮಕೂರು